ಪಕ್ಕದ ಸೀಟಿನಲ್ಲಿಟ್ಟ ಸ್ಪೀಕರ್: ಒಂದು ಕಾರ್ ಸ್ಟೀರಿಯೊ ಆಯ್ಕೆಯ ಪ್ರಕರಣ

ತಂಗಿ ಆ ಸಂಜೆ ಬಂದಾಗ ಕೈಯಲ್ಲಿ ಅಂಗಡಿಯವರು ಬರೆದುಕೊಟ್ಟ ಪಟ್ಟಿ ಹಿಡಿದಿದ್ದಳು. 10 ಇಂಚಿನ ಟಚ್ ಸ್ಕ್ರೀನ್ ಸ್ಟೀರಿಯೊ, 4×50 ವ್ಯಾಟ್. ನಾಲ್ಕೂ ಬಾಗಿಲಿಗೆ 300 ವ್ಯಾಟಿನ ಸ್ಪೀಕರ್. ಸೀಟಿನ ಕೆಳಗೆ ಒಂದು ಸಬ್‌ವೂಫರ್, ಅಂದರೆ ಬೇಸ್ ಎಂಬ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್. ಮರುದಿನ ಮುಂಗಡ ಕೊಡುವುದೆಂದು ಮಾತೂ ಆಗಿತ್ತು. "ಒಂದ್ಸಲ ಕಣ್ಣಾಡಿಸು, ಸರಿ ಇದೆಯಾ ಹೇಳು" ಅಂದಳು.

ಪಟ್ಟಿ ಪಕ್ಕಕ್ಕಿಟ್ಟು, ಈಗ ಕಾರಿನಲ್ಲಿ ನಿನಗೆ ಏನು ಸರಿಯಾಗಿ ಕೇಳಿಸುತ್ತಿಲ್ಲ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು. ದಿನಕ್ಕೆ ಹೋಗುತ್ತ ಒಂದು ಗಂಟೆ, ಬರುತ್ತ ಒಂದು ಗಂಟೆ ಡ್ರೈವಿಂಗ್. ಹೆಚ್ಚು ಕೇಳುವುದು ಮಾತು: ಉಪನ್ಯಾಸ, ಸಂದರ್ಶನ, ಓದಿ ಹೇಳಿದ ಪುಸ್ತಕ. ಊರೊಳಗೆ ತೊಂದರೆಯಿಲ್ಲ. ಹೆದ್ದಾರಿಗೆ ಬಿದ್ದು ವೇಗ ಏರಿದ ಕೂಡಲೇ ಪದಗಳು ಕೈತಪ್ಪುತ್ತವೆ. "ಸರಿ" ಅಂದದ್ದು "ಹರಿ" ಅಂದಂತೆ ಕೇಳುತ್ತದೆ. ವಾಲ್ಯೂಮ್ ಏರಿಸಿದರೆ ಸದ್ದು ಒರಟಾಗಿ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತದೆ. ಇಳಿಸಿದರೆ ಮತ್ತೆ ಪದಗಳಿಲ್ಲ.

ಈ ದೂರಿನಲ್ಲಿ ಬೇಸ್ ಕಡಿಮೆ ಎಂಬ ಮಾತೇ ಇಲ್ಲ, ಪಟ್ಟಿಯಲ್ಲಿ ಮಾತ್ರ ಸಬ್‌ವೂಫರ್ ಇದೆ. ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದೆಯಾ ಅಂದರೆ, ಅವರು ಕೇಳಿದ್ದು ಬಜೆಟ್ ಎಷ್ಟು, ಕಾರು ಯಾವುದು ಎಂಬೆರಡನ್ನೇ. ಮಾರುವವನನ್ನು ನಾನು ದೂರುವುದಿಲ್ಲ. ಅವನ ಮುಂದೆ ನಿಂತ ಗಿರಾಕಿ "ಒಳ್ಳೇ ಸ್ಟೀರಿಯೊ ತೋರಿಸಿ" ಎಂದರೆ ಅವನು ಸ್ಟೀರಿಯೊವನ್ನೇ ತೋರಿಸಬೇಕು. ಕಾಯಿಲೆ ಏನೆಂದು ಗೊತ್ತುಮಾಡಿಕೊಂಡು ಹೋಗುವ ಕೆಲಸ ನಮ್ಮದು. ಮುಂಗಡವನ್ನು ಒಂದು ವಾರ ಮುಂದೂಡಲು ಒಪ್ಪಿಸಿದೆ.

ಕಾರಿನೊಳಗೆ

ಕಾರಿಗೆ ಏಳು ವರ್ಷ. ಕಂಪನಿಯಿಂದ ಬಂದದ್ದೇ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನ ಸ್ಟೀರಿಯೊ ಯಂತ್ರ), ಬ್ಲೂಟೂತ್ ಮತ್ತು ಯುಎಸ್‌ಬಿ ಇವೆ. ಮುಂದಿನ ಬಾಗಿಲುಗಳ ಕೆಳಭಾಗದಲ್ಲಿ ಒಂದೊಂದು ಸ್ಪೀಕರ್, ಹಿಂದೆ ಎರಡು. ಮೇಲಿನ ಆವರ್ತನಗಳಿಗೆಂದೇ ಇರುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಬೇರೆ ಇಲ್ಲ.

ಮೊದಲು ಅವಳದೇ ಫೋನಿನಿಂದ ಅದೇ ಉಪನ್ಯಾಸವನ್ನು ಹೆಡ್‌ಫೋನಿನಲ್ಲಿ ಕೇಳಿದೆವು. ಅಕ್ಷರ ಅಕ್ಷರವೂ ಸ್ಪಷ್ಟ. ಹಾಗಾಗಿ ರೆಕಾರ್ಡಿಂಗ್ ಮೇಲೆ ಅನುಮಾನ ಬೇಡ. ಆಮೇಲೆ ಫೋನಿನ ಸದ್ದಳೆಯುವ ಆ್ಯಪ್ ಹಾಕಿಕೊಂಡು ಒಂದು ಸುತ್ತು ಹೋಗಿಬಂದೆವು. ಎಂಜಿನ್ ನಿಲ್ಲಿಸಿದಾಗ 38, ಗಂಟೆಗೆ 80 ಕಿ.ಮೀ. ವೇಗದಲ್ಲಿ 69. ಫೋನಿನ ಅಂಕಿಯನ್ನು ಅಕ್ಷರಶಃ ನಂಬಬೇಕಾಗಿಲ್ಲ, ಆದರೆ ಎರಡರ ನಡುವಿನ ವ್ಯತ್ಯಾಸ ಸುಮಾರು 30 ಡೆಸಿಬೆಲ್ ಎಂಬುದು ಉಪಯೋಗಕ್ಕೆ ಬರುತ್ತದೆ. ಓಡುವ ಕಾರಿನಲ್ಲಿ ಟೈರಿನ, ಗಾಳಿಯ ಮೊರೆತದ ಮೇಲೆ ಮಾತು ತೇಲಬೇಕು. ಸ್ವರಗಳಲ್ಲಿ ಬೇಕಾದಷ್ಟು ಶಕ್ತಿ ಇರುತ್ತದೆ, ಅವು ತೇಲುತ್ತವೆ. ಸ, ಶ, ಚ, ತ ಇಂಥ ವ್ಯಂಜನಗಳ ಸದ್ದು ಸಣ್ಣದು, ಮೇಲಿನ ಆವರ್ತನಗಳಲ್ಲಿ ಇರುವಂಥದ್ದು. ಮೊದಲು ಮುಳುಗುವುದು ಅವೇ.

ಮುಂದಿನ ಪರೀಕ್ಷೆಯೇ ಇಡೀ ಪ್ರಕರಣದ ದಿಕ್ಕು ಬದಲಿಸಿತು. ಮನೆಯ ಕಪಾಟಿನಲ್ಲಿದ್ದ ಒಂದು ಹಳೆಯ ಪೆಟ್ಟಿಗೆ ಸ್ಪೀಕರ್ ತಂದೆ. ಒಳಗೆ ಸದ್ದಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್ (ಆಂಪ್) ಇಲ್ಲದ, ಎರಡೇ ವೈರಿನ, 8 ಓಮ್‌ನದು. ಎಡ ಮುಂದಿನ ಬಾಗಿಲಿನ ಹೊದಿಕೆ ಬಿಚ್ಚಿ, ಅಲ್ಲಿನ ಸ್ಪೀಕರ್ ಕಪ್ಲರ್ ಕಳಚಿ, ಆ ಎರಡು ವೈರನ್ನು ಈ ಪೆಟ್ಟಿಗೆಗೆ ಜೋಡಿಸಿದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ಕಾರ್ ಹೆಡ್ ಯೂನಿಟ್‌ನಲ್ಲಿ ಸ್ಪೀಕರಿನ ಎರಡು ವೈರ್‌ಗಳಲ್ಲಿ ಯಾವುದೂ ಕಾರಿನ ಬಾಡಿಗೆ ತಾಗಬಾರದು, ಒಂದು ಸ್ಪೀಕರಿನ ಮೈನಸ್ ಇನ್ನೊಂದರ ಮೈನಸ್‌ಗೂ ಸೇರಬಾರದು. ಸೇರಿದರೆ ಒಳಗಿನ ಆಂಪ್ ಸುಟ್ಟುಹೋಗಬಹುದು.

ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿ ಅವಳ ಮುಖಕ್ಕೆ ತಿರುಗಿಸಿ ಇಟ್ಟೆವು. ಉಳಿದ ಮೂರು ಸ್ಪೀಕರ್‌ಗಳ ಸದ್ದನ್ನು ಎಡ-ಬಲದ ಬ್ಯಾಲೆನ್ಸ್, ಹಿಂದೆ-ಮುಂದಿನ ಫೇಡರ್‌ನಿಂದ ಅಡಗಿಸಿ ಅದೇ ಉಪನ್ಯಾಸ ಹಾಕಿದೆ. ಅವಳು ಎರಡು ವಾಕ್ಯ ಕೇಳಿ ನನ್ನ ಕಡೆ ತಿರುಗಿದಳು. "ಇದು ನಮ್ಮ ಸ್ಟೀರಿಯೊನೇನಾ?" ಏಳು ವರ್ಷದ ಅದೇ ಹೆಡ್ ಯೂನಿಟ್, ಅದೇ ಬ್ಲೂಟೂತ್, ಅದೇ ವೈರ್. ಹೆದ್ದಾರಿಯಲ್ಲೂ ಮಾತು ಬಿಡಿಬಿಡಿಯಾಗಿ ಸ್ಪಷ್ಟ ಕೇಳುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಹಳೆಯ ಸ್ಪೀಕರ್ ಕೆಟ್ಟಿದೆ ಎಂದುಕೊಳ್ಳುತ್ತಿದ್ದೆವು. ಆದ್ದರಿಂದ ಅದೇ ಪೆಟ್ಟಿಗೆಯನ್ನು ಸೀಟಿನಿಂದ ಇಳಿಸಿ, ಬಾಗಿಲಿನ ಬುಡದಲ್ಲಿ ಕಾಲಿನ ಕಡೆಗೆ ಮುಖ ಮಾಡಿ ಇಟ್ಟು ಮತ್ತೆ ಹಾಕಿದೆ. "ಸರಿ" ಮತ್ತೆ "ಹರಿ"ಯ ಹತ್ತಿರ ಹೋಯಿತು. ಒಳ್ಳೆಯದೆಂದು ಈಗಷ್ಟೇ ಸಾಬೀತಾದ ಸ್ಪೀಕರೂ ಮೊಣಕಾಲಿಗೆ ಹಾಡಿದರೆ ಕಿವಿಗೆ ಪ್ರಯೋಜನವಿಲ್ಲ.

ಇದಕ್ಕೆ ಕಾರಣವಿದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 100 ಹರ್ಟ್ಸ್ ಬೇಸಿನ ಅಲೆಯ ಉದ್ದ ಮೂರು ಮೀಟರಿಗೂ ಮಿಕ್ಕು, ಅದು ಕಾಲು, ಸೀಟು ಎಲ್ಲವನ್ನೂ ಬಳಸಿಕೊಂಡು ಬರುತ್ತದೆ. 5,000 ಹರ್ಟ್ಸ್ ಅಲೆ 7 ಸೆಂಟಿಮೀಟರ್ ಕೂಡ ಇಲ್ಲ. ಅಲೆಯ ಉದ್ದ ಸ್ಪೀಕರಿನ ಕೋನ್‌ಗಿಂತ, ಅಂದರೆ ಅದರ ಅಲುಗಾಡುವ ಬಟ್ಟಲಿಗಿಂತ, ಚಿಕ್ಕದಾದಂತೆ ಸದ್ದು ಟಾರ್ಚಿನ ಬೆಳಕಿನ ಹಾಗೆ ಒಂದೇ ದಿಕ್ಕಿಗೆ ಹೋಗಲು ಶುರುವಾಗುತ್ತದೆ. ಬಾಗಿಲಿನ 16 ಸೆಂಟಿಮೀಟರಿನ ಸ್ಪೀಕರಿಗೆ ಇದು ಎರಡು-ಮೂರು ಸಾವಿರ ಹರ್ಟ್ಸಿನ ಆಸುಪಾಸಿನಲ್ಲೇ ಆರಂಭ. ಅವಳು ಕಳೆದುಕೊಳ್ಳುತ್ತಿದ್ದ ವ್ಯಂಜನಗಳು ಅದರ ಮೇಲಿನವು.

ಈಗ ಕಾಯಿಲೆಗೆ ಹೆಸರು ಸಿಕ್ಕಿತು: ಕಿವಿಯ ಮಟ್ಟದ ಹತ್ತಿರ ಟ್ವೀಟರ್ ಇಲ್ಲ. ಪಟ್ಟಿಯ ನಾಲ್ಕು ಬಾಗಿಲಿಗೂ ಬರೆದಿದ್ದವು ಟ್ವೀಟರನ್ನು ಮಧ್ಯದಲ್ಲೇ ಕೂರಿಸಿಕೊಂಡ ಕೋ-ಆ್ಯಕ್ಸಿಯಲ್ ಸ್ಪೀಕರ್‌ಗಳು. ಅವನ್ನು ಹಾಕಿದ್ದರೆ ಹೊಸ ಟ್ವೀಟರ್‌ಗಳೂ ಕಾಲಿಗೇ ಹಾಡುತ್ತಿದ್ದವು.

ಪೆಟ್ಟಿಗೆಯ ಮೇಲಿನ ವ್ಯಾಟ್

"ಆದ್ರೂ 4×50 ವ್ಯಾಟ್ ಅಂದ್ರೆ ಈಗಿರೋದಕ್ಕಿಂತ ಜಾಸ್ತಿ ಅಲ್ವಾ?" ಎಂಬ ಅವಳ ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹಾಕಿ ತೋರಿಸಿದೆ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಸಾಮಾನ್ಯ ಹೆಡ್ ಯೂನಿಟ್‌ನ ಆಂಪ್ ಅದನ್ನು ಮೀರಿ ಸ್ಪೀಕರಿಗೆ ಕೊಡಲಾರದು. ಸಂಗೀತದಂಥ ದುಂಡನೆಯ ಅಲೆಗೆ 14.4 ಎಂಬುದು ತುತ್ತತುದಿ, ಅದರ ಪರಿಣಾಮಕಾರಿ ಬೆಲೆ (ಆರ್‌ಎಂಎಸ್) 10.2 ವೋಲ್ಟ್. 10.2ನ್ನು 10.2ರಿಂದ ಗುಣಿಸಿ 4 ಓಮ್‌ನಿಂದ ಭಾಗಿಸಿದರೆ 26 ವ್ಯಾಟ್. ಒಳಗಿನ ನಷ್ಟ ಕಳೆದರೆ ಶುದ್ಧವಾಗಿ ಸಿಗುವುದು ಇಪ್ಪತ್ತರ ಆಸುಪಾಸು. ಹಾಗಾದರೆ 50 ಎಲ್ಲಿಂದ ಬಂತು? ಅಲೆಯನ್ನು ಪೂರ್ತಿ ಕತ್ತರಿಸಿ ಚೌಕವಾಗುವಷ್ಟು ಆಂಪನ್ನು ಒತ್ತಿದರೆ 14.4ರ ವರ್ಗವನ್ನು 4ರಿಂದ ಭಾಗಿಸಬೇಕು: 51.8. ಅದು ಕಿವಿಗೆ ಕರ್ಕಶವಾಗಿ ಕೇಳುವ ಸದ್ದಿನ ವ್ಯಾಟ್.

ಇನ್ನೂ ಸುಲಭದ ಪರೀಕ್ಷೆ ಯಂತ್ರದ ಬೆನ್ನಿನಲ್ಲೇ ಇರುತ್ತದೆ. ಪಟ್ಟಿಯಲ್ಲಿದ್ದ ಮಾದರಿಯ ಫ್ಯೂಸ್ 10 ಆಂಪಿಯರ್. 14.4 ವೋಲ್ಟ್ ಗುಣಿಸು 10 ಅಂದರೆ ಒಳಗೆ ಹೋಗುವುದೇ 144 ವ್ಯಾಟ್. ಅದರಲ್ಲಿ ಸ್ಕ್ರೀನು, ಬಿಸಿ ಎಲ್ಲ ಕಳೆದ ಮೇಲೆ 200 ವ್ಯಾಟ್ ಹೊರಗೆ ಬರಲು ಸಾಧ್ಯವೇ ಇಲ್ಲ. ಒಳಗೆ ವೋಲ್ಟೇಜ್ ಏರಿಸಿಕೊಂಡು ನಿಜವಾಗಿಯೂ ಹೆಚ್ಚು ಶಕ್ತಿ ಕೊಡುವ ಯಂತ್ರಗಳಿವೆ. ಅವಕ್ಕೆ ದೊಡ್ಡ ಫ್ಯೂಸ್ ಬೇಕು, ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಯಲು ಹೇಳುತ್ತಾರೆ. ಅದರಿಂದಲೇ ಅವನ್ನು ಗುರುತಿಸಬಹುದು.

ಅಮೆರಿಕದ ಗ್ರಾಹಕ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘ 2003ರಲ್ಲಿ ಸಿಇಎ-2006 ಎಂಬ ಅಳತೆಯ ನಿಯಮ ತಂದಿತು, ಈಗ ಅದು ಸಿಟಿಎ-2006. 14.4 ವೋಲ್ಟ್, 4 ಓಮ್, ಶೇ. 1ಕ್ಕಿಂತ ಹೆಚ್ಚಿಲ್ಲದ ವಿಕೃತಿ ಎಂಬ ಷರತ್ತಿನಲ್ಲಿ ಅಳೆದ ವ್ಯಾಟ್ ಅದು. ಮ್ಯಾನ್ಯುಯಲ್‌ನ ಕೊನೆಯ ಪುಟಗಳಲ್ಲಿ ಆ ಹೆಸರಿನ ಪಕ್ಕದಲ್ಲಿ ಅಥವಾ ಆರ್‌ಎಂಎಸ್ ಎಂಬ ಪದದ ಪಕ್ಕದಲ್ಲಿ ಇರುವ ಅಂಕಿಯನ್ನಷ್ಟೇ ಹೋಲಿಸಬೇಕು. ಪಟ್ಟಿಯಲ್ಲಿದ್ದ ಯಂತ್ರದ್ದು 22. ಅವಳ ಕಾರಿನದು ಅಂಥದ್ದೇ ಮಾಮೂಲಿ ಆಂಪ್, 18 ಎಂದಿಟ್ಟುಕೊಂಡರೂ ವ್ಯತ್ಯಾಸ ಒಂದು ಡೆಸಿಬೆಲ್‌ಗಿಂತ ಕಡಿಮೆ. ಹೆದ್ದಾರಿಯಲ್ಲಿ ಗೊತ್ತೇ ಆಗದಷ್ಟು.

ಸ್ಪೀಕರಿನ "300 ವ್ಯಾಟ್" ಇನ್ನೂ ದೂರದ ಮಾತು. ಸ್ಪೀಕರ್ ವ್ಯಾಟ್ ಕೊಡುವುದಿಲ್ಲ, ತಡೆದುಕೊಳ್ಳುತ್ತದೆ. ಅದೂ ಆ ಅಂಕಿ ಕ್ಷಣಮಾತ್ರದ್ದು.

ಅಂಗಡಿಯ ಗೋಡೆಯ ಮುಂದೆ

ಇಷ್ಟಾದ ಮೇಲೂ ಅವಳಿಗೆ ಒಂದು ಅನುಮಾನ ಉಳಿದಿತ್ತು. ಅಂಗಡಿಯಲ್ಲಿ ಎರಡು ಸ್ಟೀರಿಯೊ ಕೇಳಿಸಿದ್ದರು, ದುಬಾರಿಯದು ಚೆನ್ನಾಗಿತ್ತು, ತನ್ನ ಕಿವಿಯಿಂದಲೇ ಕೇಳಿದ್ದಾಗಿ ಹೇಳಿದಳು. ಕಿವಿಯ ಮಾತನ್ನು ಲೆಕ್ಕದಿಂದ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಅದನ್ನು ಕಿವಿಯಿಂದಲೇ ಪರೀಕ್ಷಿಸಬೇಕು. ಇಬ್ಬರೂ ಮತ್ತೆ ಹೋದೆವು.

ಪೆನ್ ಡ್ರೈವ್‌ನಲ್ಲಿ ಮೂರೇ ಫೈಲ್: ಅವಳು ನೂರು ಸಲ ಕೇಳಿದ ಒಂದು ಉಪನ್ಯಾಸದ ತುಣುಕು, ಒಬ್ಬರೇ ಹಾಡಿದ ಒಂದು ಹಾಡು, ಮಳೆ ಸುರಿದಂತೆ ಒಂದೇ ಸಮ ಕೇಳುವ ಪಿಂಕ್ ನಾಯ್ಸ್. ಎರಡು ಯಂತ್ರಗಳಲ್ಲೂ ಬೇಸ್ ಉಬ್ಬಿಸುವ ಲೌಡ್‌ನೆಸ್ ಬಟನ್ ಆಫ್, ಈಕ್ವಲೈಜರ್ ಸಮತಟ್ಟು, ಎರಡೂ ಒಂದೇ ಜೋಡಿ ಸ್ಪೀಕರಿಗೆ. ದುಬಾರಿಯದರಲ್ಲಿ ಲೌಡ್‌ನೆಸ್ ಮೊದಲೇ ಆನ್ ಆಗಿತ್ತು. ಪಿಂಕ್ ನಾಯ್ಸ್ ಹಾಕಿ, ಫೋನನ್ನು ಒಂದೇ ಜಾಗದಲ್ಲಿ ಹಿಡಿದು, ಎರಡೂ 75 ತೋರಿಸುವಂತೆ ವಾಲ್ಯೂಮ್ ಹೊಂದಿಸಿದೆ.

ಈ ಹೊಂದಿಸುವ ಕೆಲಸ ಸಣ್ಣದಾಗಿ ಕಂಡರೂ ಎಲ್ಲವೂ ನಿಂತಿರುವುದು ಅದರ ಮೇಲೆ. ಬೆಲ್ ಲ್ಯಾಬ್ಸ್‌ನ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಪ್ರಕಟಿಸಿದ ಕೆಲಸ ಇದನ್ನು ವಿವರಿಸುತ್ತದೆ: ಸದ್ದು ಮೆಲ್ಲಗಿದ್ದಾಗ ಕಿವಿ ಬೇಸನ್ನು ಮಧ್ಯದ ಸ್ವರಗಳಿಗಿಂತ ಬಹಳ ಕಡಿಮೆ ಹಿಡಿಯುತ್ತದೆ, ಜೋರಾದಂತೆ ಬೇಸ್ ತುಂಬಿಕೊಳ್ಳುತ್ತದೆ. ಹಾಗಾಗಿ ಒಂದೆರಡು ಡೆಸಿಬೆಲ್ ಜೋರಾದ ಯಂತ್ರ ನಮಗೆ ಜೋರಾಗಿ ಕೇಳಿಸುವುದರ ಬದಲು ಚೆನ್ನಾಗಿ ಕೇಳಿಸುತ್ತದೆ.

ತಂಗಿ ಯಂತ್ರಗಳನ್ನು ಜೋಡಿಸಿಟ್ಟ ಗೋಡೆಗೆ ಬೆನ್ನು ಮಾಡಿ ಕೂತಳು. ಮಾರಾಟದ ಹುಡುಗ ತನ್ನಿಷ್ಟದಂತೆ ಬಟನ್ ಒತ್ತಿ ಬದಲಿಸುತ್ತಿದ್ದ, ನಾನು ಗುರುತು ಹಾಕುತ್ತಿದ್ದೆ. ಹಾಡುತ್ತಿರುವುದು ಯಾವ ಯಂತ್ರವೆಂದು ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದಳು. ನಾಣ್ಯ ಚಿಮ್ಮಿದ್ದರೂ ಐದು ಬರುತ್ತಿತ್ತು. ಆ ಹುಡುಗ ತಾನೂ ಒಮ್ಮೆ ಬೆನ್ನು ಮಾಡಿ ಕೂತು ನೋಡಿದ, ಅವನಿಗೂ ಆಸಕ್ತಿ ಹುಟ್ಟಿತ್ತು. ಆಮೇಲೆ ಅವನೇ ತಂದು ತೋರಿಸಿದ ಮಾಹಿತಿ ನಿಜಕ್ಕೂ ಬೆಲೆಯುಳ್ಳದ್ದು: ಈ ಕಾರಿನಲ್ಲಿ ಕನ್ನಡಿಯ ಒಳಬದಿಯ ತ್ರಿಕೋನದ ಪ್ಲಾಸ್ಟಿಕ್‌ನೊಳಗೆ ಟ್ವೀಟರಿಗೆ ಜಾಗವಿದೆ, ಮೇಲಿನ ದರ್ಜೆಯ ಮಾದರಿಯಲ್ಲಿ ಅಲ್ಲೇ ಬರುತ್ತದೆ.

ಸ್ಕ್ರೀನ್ ಬೇಕೇ?

ಹಳೆಯ ಹೆಡ್ ಯೂನಿಟ್ ನಿರಪರಾಧಿ ಎಂದ ಮಾತ್ರಕ್ಕೆ ಅದನ್ನು ಬದಲಿಸಬಾರದೆಂದಿಲ್ಲ. ಫೋನಿನ ನಕ್ಷೆ ದೊಡ್ಡದಾಗಿ ಕಾಣಬೇಕು, ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ಬೇಕು ಎನ್ನುವವರಿಗೆ ಅದು ಸರಿಯಾದ ಖರೀದಿಯೇ. ಸದ್ದಿನ ಮಟ್ಟಿಗೂ ಒಂದು ಲಾಭವಿದೆ. ಚಾಲಕರಿಗೆ ಹತ್ತಿರದ ಸ್ಪೀಕರ್ 90 ಸೆಂಟಿಮೀಟರ್, ದೂರದ್ದು 130 ಇದ್ದರೆ ಆ 40 ಸೆಂಟಿಮೀಟರ್ ವ್ಯತ್ಯಾಸಕ್ಕೆ ಸದ್ದು 1.2 ಮಿಲಿಸೆಕೆಂಡ್ ತಡ. ಟೈಮ್ ಅಲೈನ್‌ಮೆಂಟ್ ಇರುವ ಯಂತ್ರ ಹತ್ತಿರದ ಸ್ಪೀಕರನ್ನು ಅಷ್ಟೇ ತಡಮಾಡಿ ಹಾಡುಗಾರರನ್ನು ಡ್ಯಾಶ್‌ಬೋರ್ಡಿನ ನಡುವೆ ತಂದು ನಿಲ್ಲಿಸುತ್ತದೆ. ಅದು ಇದೆಯೇ, ಸ್ಪೀಕರಿಗೆ ತೀರ ಕೆಳಗಿನ ಬೇಸ್ ಹೋಗದಂತೆ ತಡೆಯುವ ಹೈ-ಪಾಸ್ ಫಿಲ್ಟರ್ ಇದೆಯೇ ಎಂಬುದನ್ನು ಬಣ್ಣದ ಜಾಹೀರಾತು ಹೇಳುವುದಿಲ್ಲ. ಕೊಳ್ಳುವ ಮೊದಲೇ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿ ಆಡಿಯೊ ಸೆಟ್ಟಿಂಗ್ ಅಧ್ಯಾಯ ಓದಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಯಾವ ಮಾರಾಟಗಾರನಿಗಿಂತಲೂ ಆ ಅಧ್ಯಾಯವನ್ನು ನಾನು ನಂಬುತ್ತೇನೆ.

ಕಳೆದುಕೊಳ್ಳುವುದರ ಲೆಕ್ಕವೂ ಇರಬೇಕು. ಇವಳ ಕಾರಿನಲ್ಲಿ ಪಾರ್ಕಿಂಗ್ ಸೆನ್ಸರಿನ ಎಚ್ಚರಿಕೆಯ ಸದ್ದು ಬರುವುದು ಹೆಡ್ ಯೂನಿಟ್ ಮೂಲಕ, ಸ್ಟೀರಿಂಗ್ ಮೇಲಿನ ಬಟನ್‌ಗಳೂ ಅದಕ್ಕೇ ಬೆಸೆದಿವೆ. ಬದಲಿಸಿದರೆ ಸರಿಯಾದ ಅಡಾಪ್ಟರ್ ಬೇಕು, ಇಲ್ಲವಾದರೆ ಅವು ಮೌನ. ಪಟ್ಟಿಯಲ್ಲಿ ಅಡಾಪ್ಟರಿನ ಸುಳಿವೇ ಇರಲಿಲ್ಲ. ಜಾಗದ ಪ್ರಶ್ನೆಯೂ ಇತ್ತು. ಡಬಲ್ ಡಿನ್ ಎಂಬ ಕಿಂಡಿ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. 10 ಇಂಚಿನ ಸ್ಕ್ರೀನ್ ಅದರೊಳಗೆ ಕೂರುವಂಥದ್ದಲ್ಲ, ಎದುರಿಗೆ ಚಾಚಿಕೊಂಡು ಎಸಿಯ ಗಾಳಿಕಿಂಡಿಯನ್ನು ಅರ್ಧ ಮುಚ್ಚುತ್ತಿತ್ತು. ಆ ಅಳತೆಯ ರಟ್ಟು ಕತ್ತರಿಸಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ ಮೇಲೆ ಅವಳೇ ಬೇಡ ಎಂದಳು.

ಸ್ಪೀಕರ್ ಆಯ್ಕೆ

ಹಾಗಾಗಿ ಕೊಳ್ಳಬೇಕಾದದ್ದು ಒಂದೇ: ಮುಂದಿನ ಬಾಗಿಲುಗಳಿಗೆ ಕಾಂಪೊನೆಂಟ್ ಜೋಡಿ, ಅಂದರೆ ಕೆಳಗಿನ ಸ್ವರಗಳ ವೂಫರ್ ಬೇರೆ, ಟ್ವೀಟರ್ ಬೇರೆ, ನಡುವೆ ಆವರ್ತನ ಹಂಚುವ ಕ್ರಾಸ್‌ಓವರ್.

ಬಾಗಿಲು ಹೇಗೂ ಬಿಚ್ಚಿತ್ತು. ಗಾಜನ್ನು ಪೂರ್ತಿ ಕೆಳಗಿಳಿಸಿ, ಸ್ಪೀಕರ್ ಕೂರುವ ಲೋಹದಿಂದ ಗಾಜಿನವರೆಗೆ ಅಳೆದರೆ 64 ಮಿ.ಮೀ. ನನಗೆ ಬಹಳ ಇಷ್ಟವಾಗಿದ್ದ ಒಂದು ಜೋಡಿಯ ಆಳ 68. ಬಿಟ್ಟೆವು, ಬೇಸರದಿಂದಲೇ. ಹಳೆಯ ಸ್ಪೀಕರಿನ ತುದಿಗಳಿಗೆ ಮಲ್ಟಿಮೀಟರ್ ಹಿಡಿದಾಗ 3.4 ಓಮ್ ತೋರಿಸಿತು, ಅಂದರೆ 4 ಓಮ್‌ನ ಸ್ಪೀಕರ್. ಹೊಸದೂ ಅದೇ ಇರಲಿ ಎಂದುಕೊಂಡೆವು.

ಉಳಿದ ಎರಡು ಜೋಡಿಗಳ ನಡುವೆ ತೀರ್ಮಾನ ಮಾಡಿದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಎಂಬ ಅಂಕಿ ಅದು. ಕಾರಿನ ಪುಟ್ಟ ಆಂಪಿಗೆ ಜೋಡಿಸುವಾಗ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ. ಮೂರು ಡೆಸಿಬೆಲ್ ಹೆಚ್ಚೆಂದರೆ ಆಂಪಿನ ಶಕ್ತಿ ಇಮ್ಮಡಿ ಮಾಡಿದಂತೆ, ಅದೂ ಪುಕ್ಕಟೆಯಾಗಿ. ಮೊದಲ ಜೋಡಿ 90 ಎನ್ನುತ್ತಿತ್ತು, ಎರಡನೆಯದು 88. ಆದರೆ ಮೊದಲನೆಯದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 2.83 ವೋಲ್ಟ್ ಎಂದಿತ್ತು, ಎರಡನೆಯದರಲ್ಲಿ 1 ವ್ಯಾಟ್. 2.83 ವೋಲ್ಟ್ ಎಂಬುದು 8 ಓಮ್ ಸ್ಪೀಕರಿಗೆ ಒಂದು ವ್ಯಾಟ್, 4 ಓಮ್‌ನದಕ್ಕೆ ಎರಡು. ಆ 90ರಲ್ಲಿ ಮೂರು ಕಳೆದರೆ 87. ಎರಡನೆಯದೇ ಮುಂದು. ಆಳ 57 ಮಿ.ಮೀ. ಬೆಲೆಯಲ್ಲೂ ಕೆಳಗಿತ್ತು. ಹಿಂದಿನ ಸ್ಪೀಕರ್ ಎರಡನ್ನೂ ಮುಟ್ಟಲೇ ಇಲ್ಲ.

ಉಳಿದ ಹಣದಲ್ಲಿ ಸ್ವಲ್ಪ ಬಾಗಿಲಿಗೇ ಹೋಯಿತು. ಬಾಗಿಲಿನ ಒಳತಗಡಿನ ದೊಡ್ಡ ತೂತುಗಳಿಂದ ಕೋನ್‌ನ ಹಿಂದಿನ ಅಲೆ ಮುಂದಕ್ಕೆ ಸೋರಿ ಮುಂದಿನ ಅಲೆಯನ್ನೇ ಅಳಿಸುತ್ತದೆ, ಬೇಸ್ ಸೊರಗುವುದು ಹೀಗೆ. ಕಂಪನ ಅಡಗಿಸುವ ಬ್ಯುಟೈಲ್ ರಬ್ಬರಿನ ಅಂಟು ಹಾಳೆಯಿಂದ ಅವನ್ನು ಮುಚ್ಚಿ, ತಗಡಿನ ಮೇಲೂ ಅಂಟಿಸಿದೆವು. ನೀರು ಇಳಿದುಹೋಗಲು ಬಾಗಿಲಿನ ಬುಡದಲ್ಲಿರುವ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಸ್ಪೀಕರಿನ ಸುತ್ತ ಫೋಮ್ ಪಟ್ಟಿ. ಬಾಗಿಲು ಹಾಕಿದಾಗಿನ ಡಬ್ಬದ ಸದ್ದು ಹೋಗಿ ದಪ್ಪನೆಯ ಸದ್ದು ಬಂತು, ಕಾರಿನೊಳಗಿನ ಮೊರೆತವೂ ತುಸು ಇಳಿಯಿತು.

ಫಿಟ್ಟಿಂಗ್ ಆದ ಸಂಜೆ

ಕೇಳಿ ಇಬ್ಬರಿಗೂ ಮುಖ ಬಾಡಿತು. ಸ, ಶ ಎಲ್ಲ ಸ್ಪಷ್ಟವಾಗಿದ್ದರೂ ಮಾತು ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದೆ ತಲೆಯ ಸುತ್ತ ಚೆದುರಿದಂತಿತ್ತು. ಬೇಸ್ ಮೊದಲಿಗಿಂತಲೂ ತೆಳು. "ಪಟ್ಟಿಯಲ್ಲಿದ್ದದ್ದನ್ನೇ ಹಾಕಿಸಬೇಕಿತ್ತೇನೋ" ಎಂದು ಅವಳು ಅಂದಾಗ ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು.

ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಎಡ ಬಾಗಿಲು ಚೆನ್ನಾಗಿದೆ, ಬೇಸ್ ಇದೆ. ಪೂರ್ತಿ ಬಲಕ್ಕೆ ತಿರುಗಿಸಿದರೂ ಚೆನ್ನ. ಮಧ್ಯಕ್ಕೆ ತಂದರೆ ಮಾತ್ರ ಬೇಸ್ ಮಾಯ. ಒಂದೊಂದೇ ಸರಿ, ಎರಡೂ ಕೂಡಿದರೆ ತಪ್ಪು ಎಂದರೆ ಒಂದು ಬದಿಯ ಪ್ಲಸ್ ಮೈನಸ್ ಅದಲುಬದಲಾಗಿದೆ ಎಂದೇ ಅರ್ಥ: ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿಯುತ್ತದೆ, ಗಾಳಿಯನ್ನು ಒಬ್ಬರು ತಳ್ಳಿದ್ದನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾರೆ.

ಹೊದಿಕೆ ಮತ್ತೆ ಬಿಚ್ಚಿ, ಹೆಡ್ ಯೂನಿಟ್‌ನ ಕಪ್ಲರ್ ಕಳಚಿ, ಕಾರಿನ ವೈರಿಂಗ್ ನಕ್ಷೆ ನೋಡಿಕೊಂಡು 1.5 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಒಂದು ಕ್ಷಣ ತಾಗಿಸಿದೆ. ಬಲ ಕೋನ್ ಹೊರಗೆ ಉಬ್ಬಿತು, ಎಡದ್ದು ಒಳಗೆ ಸರಿಯಿತು. ಹೊರಗಿನಿಂದ ಕೊಳ್ಳುವ ಸ್ಟೀರಿಯೊಗಳ ವೈರಿನಲ್ಲಿ ಬಿಳಿ, ಬೂದು, ಹಸಿರು, ನೇರಳೆ ಬಣ್ಣಗಳು ಪ್ಲಸ್, ಅವೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್. ಫಿಟ್ಟರ್ ಆ ರೂಢಿಯಂತೆ ಗೆರೆಯ ವೈರನ್ನು ಮೈನಸ್ ಎಂದುಕೊಂಡಿದ್ದ. ಕಾರು ಕಂಪನಿಗಳು ಆ ರೂಢಿ ಪಾಲಿಸಬೇಕೆಂದಿಲ್ಲ, ಈ ಕಾರಿನ ಎಡ ಬಾಗಿಲಲ್ಲಿ ಗೆರೆಯದ್ದೇ ಪ್ಲಸ್ ಆಗಿತ್ತು. ಎರಡು ಪಿನ್ ಅದಲಿಸಿದೆವು, ಐದು ನಿಮಿಷದ ಕೆಲಸ. ಹೊದಿಕೆ ಹಾಕುವ ಮೊದಲೇ ಈ ಬ್ಯಾಟರಿ ಪರೀಕ್ಷೆ ಮಾಡಿಸದೆ ಹೋದದ್ದು ನನ್ನ ತಪ್ಪು. ಎರಡು ಪ್ಲಾಸ್ಟಿಕ್ ಕ್ಲಿಪ್ ಅದರಿಂದ ಮುರಿದವು.

ಅದೇ ರಾತ್ರಿ ಹೆದ್ದಾರಿಗೆ ಹೋದೆವು. ಬೇಸ್ ಎರಡು ಹೆಜ್ಜೆ ಕೆಳಗೆ, ಸದ್ದು ಬಹುಪಾಲು ಮುಂದಕ್ಕೆ, ಬ್ಯಾಲೆನ್ಸ್ ತುಸು ದೂರದ ಬದಿಗೆ. ಮೊದಲು 80 ಕಿ.ಮೀ. ವೇಗದಲ್ಲಿ ವಾಲ್ಯೂಮ್ 24ರಲ್ಲಿ ಇಟ್ಟರೂ ಅವಳು ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ಈಗ 17ರಲ್ಲಿ ಬೆನ್ನು ಸೀಟಿಗೆ ಆನಿಸಿ ಕೂತಿದ್ದಳು. ಉಪನ್ಯಾಸಕರು ವಾಕ್ಯ ಶುರುಮಾಡುವ ಮುನ್ನ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಡೋಲಿನಂಥ ವಾದ್ಯದ ತೀರ ಕೆಳಗಿನ ಗುಡುಗು ಈ ಸ್ಪೀಕರ್‌ಗಳಿಂದ ಬರುವುದಿಲ್ಲ, ಅದು ಬೇಕೆನಿಸಿದರೆ ಸಬ್‌ವೂಫರ್ ಬೇಕೇ ಬೇಕು. ಮೂರು ತಿಂಗಳು ಕಳೆದಿವೆ, ಅವಳು ಇನ್ನೂ ಅದು ಬೇಕೆಂದಿಲ್ಲ.